ಗ್ರಹಣಕ್ಕೆ ಬೆನ್ನು ಮಾಡಿ ನಿಂತದ್ದು

ಹನೂರು ಬಸ್ ಸ್ಟ್ಯಾಂಡು

"ಆಫ್ರಿಕಾಕ್ಕೆ ಕಂಬಳಿ ಯಾಕ್ ಗೌಡ್ರೇ? ಅಲ್ಲಿ ಬೆಂಕಿ ಮಳೆ ಸುರೀತದಂತೆ!" ಎಂದು ಕೊಳ್ಳೇಗಾಲದ ಬಸ್ಸಿನ ಕಂಡಕ್ಟರು ನಕ್ಕ. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಅವತ್ತು ಯಾರು ಏನೆಂದರೂ ನನಗೆ ನಗು ಬರುತ್ತಿತ್ತು, ಯಾಕೆಂದರೆ ನಾನು ಮೊಮ್ಮಗಳನ್ನು ಚೊಚ್ಚಲ ಬಾಣಂತನಕ್ಕೆ ಕರೆತರಲು ಹೊರಟಿದ್ದೆ! ಬೇರೆ ಊರಿನಿಂದಲ್ಲ, ಬೇರೆ ತಾಲ್ಲೂಕಿನಿಂದಲ್ಲ, ಸಮುದ್ರದ ಆಚೆಯಿಂದ. ನಮ್ಮ ಕಡೆ ಯಾವ ತಾತ ಹೀಗೆ ಹೊರಟಿದ್ದಾನೆ ಹೇಳಿ.

ನೀಲಾಳ ತಾಯಿ, ಅಂದರೆ ನನ್ನ ಮಗಳು, ಬೇಗ ಹೋಗಿಬಿಟ್ಟಳು. ನೀಲಾಳನ್ನು ಸಾಕಿದವರು ನಾನು, ನನ್ನ ಹೆಂಡತಿ, ನನ್ನ ತಮ್ಮ ಬಸಪ್ಪ. ಹೆಂಡತಿಯೂ ಈಗ ಇಲ್ಲ. ಹಾಗಾಗಿ ತವರುಮನೆ ಅಂದರೆ ಇಬ್ಬರು ಮುದುಕರು ಅಷ್ಟೇ. ನೀಲಾ ಮೈಸೂರಿನಲ್ಲಿ ಬೆಳಕಿನ ವಿದ್ಯೆ ಓದಿ, ಪ್ರಸಾದನನ್ನು ಮದುವೆಯಾಗಿ, ನೈರೋಬಿ ಎಂಬ ಊರಿನ ಕಾಲೇಜಿನಲ್ಲಿ ಗಂಡನ ಜೊತೆ ಪಾಠ ಹೇಳುತ್ತಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಆಗ ನಮ್ಮ ಸೀಮೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮೇಷ್ಟ್ರು ಅರ್ಧ ತಮಿಳಲ್ಲಿ ಬೈದು ಅರ್ಧ ಕನ್ನಡದಲ್ಲಿ ಹೊಡೆಯುತ್ತಿದ್ದರು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಕಂಬಳಿ ಕೊಟ್ಟವನು ಬಸಪ್ಪ. ಹೊಲ ಕಾಯುವಾಗ ಹೊದೆಯುತ್ತಿದ್ದ ಕರಿ ಕಂಬಳಿ. ಅವನಿಗೆ ಹುಟ್ಟಿನಿಂದಲೇ ಮೇಲ್ದುಟಿ ಸೀಳಿದೆ. ಮಾತು ಮೂಗಿನಿಂದ ಬರುತ್ತದೆ, ನೀರು ಕುಡಿಯುವಾಗ ಪಕ್ಕಕ್ಕೆ ತಿರುಗುತ್ತಾನೆ. ಹೆಣ್ಣು ಕೊಡುವವರು ಸಿಗದೆ ಹಾಗೇ ಉಳಿದ. ಬಸ್ಸಿನ ಕಿಟಕಿಗೆ ಕೈಹಾಕಿ, "ಬಸುರಿ ಮೈ, ಹಡಗ್ನಲ್ಲಿ ಥಂಡಿ ಗಾಳಿ. ಮಗೀಗೆ ಇದ ಒದ್ಸು" ಅಂದ. ನನ್ನ ಟ್ರಂಕಿನಲ್ಲಿ ಇನ್ನೊಂದು ವಸ್ತುವಿತ್ತು: ನಮ್ಮವ್ವನ ಹಳೇ ಸೀರೆ. ಕೂಸು ಹುಟ್ಟಿದ ಕೂಡಲೇ ಹೊಸ ಬಟ್ಟೆ ತಾಗಿಸಬಾರದು, ಹಿರಿಯರು ಉಟ್ಟು ಸವೆದ ಬಟ್ಟೆಯಲ್ಲೇ ಸುತ್ತಬೇಕು. ಅವ್ವ ಹೋದ ಮೇಲೆ ನಮ್ಮ ಮನೆಯ ಕೂಸುಗಳೆಲ್ಲ ಮೊದಲು ಮಲಗಿದ್ದು ಆ ಸೀರೆಯಲ್ಲೇ. ದಾರಿಯಲ್ಲೇ ಹೆರಿಗೆಯಾದರೆ ಎಂದು ಇಟ್ಟುಕೊಂಡಿದ್ದೆ.

ಹಡಗು, ಮೊಂಬಾಸ

ಗೋಪಿನಾಥಂ ಹತ್ತಿರ ಹರಿಗೋಲಿನಲ್ಲಿ ಕಾವೇರಿ ದಾಟಿದವನು ನಾನು, ನನಗೇನು ಹೆದರಿಕೆ ಎಂದುಕೊಂಡಿದ್ದೆ. ಹರಿಗೋಲು ಸುತ್ತುತ್ತದೆ, ಹಡಗು ತೂಗುತ್ತದೆ. ಸುತ್ತಿದ್ದು ತಲೆಗೆ ಏರುತ್ತದೆ, ತೂಗಿದ್ದು ಹೊಟ್ಟೆಗೆ ಇಳಿಯುತ್ತದೆ. ಮುಂಗಾರಿನ ಸಮುದ್ರ ನನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಕೇಳಿ ಕೇಳಿ ತೆಗೆದುಕೊಂಡಿತು. ಪಕ್ಕದಲ್ಲಿದ್ದ ಒಬ್ಬ ಗುಜರಾತಿ ಅಜ್ಜಿ ಉಪ್ಪಿನ ನಿಂಬೆಹೋಳು ಬಾಯಿಗಿಟ್ಟು ನನ್ನ ಪ್ರಾಣ ಉಳಿಸಿದಳು. ಅವಳ ಮಾತು ನನಗೆ ಗೊತ್ತಿಲ್ಲ, ನನ್ನದು ಅವಳಿಗೆ ಗೊತ್ತಿಲ್ಲ. ಆದರೂ ಮೊಂಬಾಸ ಬರುವ ಹೊತ್ತಿಗೆ ಅವಳ ಸೊಸೆ ಸರಿಯಿಲ್ಲವೆಂದು ನನಗೆ ಪೂರ್ತಿ ತಿಳಿದಿತ್ತು.

ಮೊಂಬಾಸದಲ್ಲಿ ಸುಂಕದವನು ನನ್ನ ಟ್ರಂಕು ತೆಗೆದು ವಿಭೂತಿ ಗಟ್ಟಿಗಳನ್ನು ಎತ್ತಿ ಹಿಡಿದ. ಮೂಸಿದ. ಇನ್ನೊಬ್ಬನನ್ನು ಕರೆದ. ಆನೆಯಂಥ ಮೂರನೆಯವನೊಬ್ಬ ಬಂದು ನಾಲಿಗೆಗೆ ತಾಗಿಸಿ ಮುಖ ಕಿವುಚಿದ. ನಾನು ಒಂದು ಚೂರು ಒದ್ದೆ ಮಾಡಿ ಹಣೆಗೆ ಮೂರು ಬೆರಳು ಎಳೆದು ತೋರಿಸಿದೆ. ಆನೆಯಂಥವನು ಜೋರಾಗಿ ನಕ್ಕು ತನ್ನ ಹಣೆ ಮುಂದೆ ಚಾಚಿದ! ಎಳೆದೆ. ಕರೀ ಹಣೆಯ ಮೇಲೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ನಮ್ಮೂರ ಸ್ವಾಮಿಗಳಿಗೂ ಅಷ್ಟು ಒಪ್ಪುವುದಿಲ್ಲ.

ನೈರೋಬಿ

ನೀಲಾ ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆ ಆಗಲೇ ಮುಂದೆ ಬಂದಿತ್ತು. "ಅಜ್ಜಾ" ಅಂದಳು, ಅಷ್ಟೇ. ನಾನು ಹಡಗು, ರೈಲು, ಹಸಿವು ಎಲ್ಲ ಮರೆತೆ.

ಆ ದೇಶದಲ್ಲಿ ರಾಗಿ ಇದೆ ಕಣ್ರಿ! ಸಂತೆಯಲ್ಲಿ ಒಬ್ಬ ಹೆಂಗಸು ಗೋಣಿ ಮೇಲೆ ಕೆಂಪಗೆ ರಾಶಿ ಹಾಕಿಕೊಂಡು ಕೂತಿದ್ದಳು. ಅಂಗೈಗೆ ತೆಗೆದುಕೊಂಡು ಉಜ್ಜಿ ನೋಡಿದೆ, ನಮ್ಮದೇ. ಅವರು ಅದನ್ನು ಗಂಜಿ ಮಾಡಿ ಕುಡಿಯುತ್ತಾರೆ. ಮುದ್ದೆ ಕಟ್ಟುವುದು ಬಿಳೀ ಮುಸುಕಿನ ಜೋಳದ ಹಿಟ್ಟಿನಲ್ಲಿ, ಮುರಿದು ಸಾರಿಗೆ ಅದ್ದುವುದು ನಮ್ಮ ಹಾಗೇ. ಅವತ್ತು ನಾನೇ ಕೋಲು ಹಿಡಿದು ರಾಗಿ ಮುದ್ದೆ ತಿರುವಿದೆ. ನೀಲಾ ಎರಡು ಉಂಡಳು.

ಉಂಡು ಕೈ ತೊಳೆಯುವಾಗ ಅಂದಳು: "ಅಜ್ಜ, ಊರಿಗೆ ಓಗಾದು ಗ್ರಹಣ ಕಳ್ದ ಮ್ಯಾಲೆ."

"ಯಾವ ಗ್ರಹಣ?"

ಪ್ರಸಾದ ತಲೆ ತಗ್ಗಿಸಿದ. ನೀಲಾಳೇ ಹೇಳಿದಳು. ಉತ್ತರದ ಮರುಭೂಮಿಯಲ್ಲಿ ಒಂದು ದೊಡ್ಡ ಕೆರೆ ಇದೆ. ಅಲ್ಲಿ ಸೂರ್ಯ ಪೂರಾ ಮುಚ್ಚಿಹೋಗುತ್ತಾನೆ. ಆಗ ಸುತ್ತ ಬಿಳೀ ಜಟೆ ಹಾಗೆ ಕಾಣುವ ಬೆಳಕನ್ನು ತಾನು ಅಳೆಯಬೇಕು. ಸಲಕರಣೆ ತಾನೇ ಕೂಡಿಸಿದ್ದಾಳೆ. "ಇಷ್ಟು ಹೊತ್ತು ನಿಲ್ಲೋ ಗ್ರಹಣ ನನ್ನ ಜೀವ್ಮಾನದಲ್ಲಿ ಇನ್ನ ಬರಾಕಿಲ್ಲ ಅಜ್ಜ."

ನನ್ನ ಕೈಯಲ್ಲಿದ್ದ ಚೊಂಬು ಕೆಳಗಿಟ್ಟೆ. "ಬಸುರಿ ಎಂಗ್ಸು ಗ್ರಹಣದಲ್ಲಿ ಒರಗ್ ನಿಂತ್ಕತೀಯಾ? ನಿನ್ನ ಚಿಕ್ಕಜ್ಜನ ತುಟಿ ನೋಡ್ಕಂಡೇ ಬೆಳ್ದೋಳು ನೀನು!"

ಇಲ್ಲಿ ಅವ್ವನ ಕತೆ ಹೇಳಬೇಕು. ಬಸಪ್ಪ ಹೊಟ್ಟೆಯಲ್ಲಿದ್ದಾಗ ಗ್ರಹಣ ಹಿಡಿದಿತ್ತು. ಅವ್ವ ಒಳಗೆ ಕತ್ತಲಲ್ಲಿ ಕೂತಿದ್ದಳು. ಕಣದಲ್ಲಿ ಹರಡಿದ್ದ ರಾಗಿಗೆ ದನ ನುಗ್ಗಿದ ಸದ್ದು ಕೇಳಿ ಓಡಿದಳು, ಓಡಿಸಿ ಬಂದಳು, ಅಷ್ಟೇ. ಬಸಪ್ಪ ಹುಟ್ಟಿದಾಗ ಊರೆಲ್ಲ ಒಂದೇ ಮಾತು: ರಾಗಿಗೆ ಆಸೆಪಟ್ಟು ಮಗನ ತುಟಿ ಸೀಳಿದಳು. ಅತ್ತೆ ಅಂದಳು, ನೆಂಟರು ಅಂದರು, ಬಾವಿಕಟ್ಟೆಯಲ್ಲಿ ಅಂದರು. ಪ್ರಾಣ ಬಿಡುವ ಮುಂಚೆಯೂ ಅವ್ವ ಬಸಪ್ಪನ ತುಟಿ ಸವರಿ, "ತಿಂದ್ಕಂಡೋಗ್ಲಿ ಅಂತ ಬುಡ್ಬೇಕಾಗಿತ್ತು ಕಣ್ ಮಗಾ" ಅಂದಳು.

ನೀಲಾಗೂ ಇದು ಗೊತ್ತು. ಚೊಂಬು ಎತ್ತಿ ಒಳಗಿಟ್ಟು ಬಂದಳು. ಆಮೇಲೆ, "ನಾ ಓಗ್ತೀನಿ ಅಜ್ಜ. ನೀ ಬಯ್ಯಂಗಿದ್ರೆ ಅಲ್ಲಿಗೇ ಬಂದು ಬಯ್ಯಿ" ಅಂದಳು. ನಮ್ಮವ್ವನ ಹಟ ನನಗೆ ಬರಲಿಲ್ಲ, ಎರಡು ತಲೆ ದಾಟಿ ಅವಳಿಗೆ ಹೋಗಿದೆ.

ಕೆರೆಯ ದಾರಿ

ನಾನೂ ಹೊರಟೆ. ಬಿಟ್ಟು ಕೂರುವುದು ಹೇಗೆ? ಗಾಡಿ ಓಡಿಸುವವನು ಮ್ವಾಂಗಿ, ಉದ್ದನೆಯ ಹುಡುಗಾಟದ ಮನುಷ್ಯ. ಗುಜರಾತಿ ಅಂಗಡಿಗಳಲ್ಲಿ ಕೆಲಸ ಮಾಡಿ ಹಿಂದಿ ಹರಕು ಮುರುಕು ಕಲಿತಿದ್ದ. ನನ್ನ ಹಿಂದಿ ಅವನದಕ್ಕಿಂತ ಕಡೆ. ನಮ್ಮಿಬ್ಬರ ಮಾತು ಕೇಳಿ ಪ್ರಸಾದ ಎರಡು ಸಲ ಉಸಿರು ಕಟ್ಟುವ ಹಾಗೆ ನಕ್ಕ.

ಮರ ಮುಗಿಯಿತು, ಹುಲ್ಲು ಮುಗಿಯಿತು, ಆಮೇಲೆ ಕರೀ ಕಲ್ಲು. ನಮ್ಮ ಕಡೆಯ ಮಾರ್ಟಳ್ಳಿ ಆಚೆಯ ಬೋಳು ಗುಡ್ಡಗಳನ್ನೇ ನಾನು ಬರಡು ಎನ್ನುತ್ತಿದ್ದೆ, ಇನ್ನು ಮೇಲೆ ಅನ್ನುವುದಿಲ್ಲ. ಗಾಡಿ ಎಗರಿದಾಗಲೆಲ್ಲ ನಾನು ನೀಲಾಳ ಹೊಟ್ಟೆ ನೋಡುತ್ತಿದ್ದೆ. ಅವಳು ತೊಡೆಯ ಮೇಲಿದ್ದ ಪೆಟ್ಟಿಗೆ ನೋಡುತ್ತಿದ್ದಳು.

ಕೆರೆ ದಂಡೆ

ಅದನ್ನು ಕೆರೆ ಎನ್ನುತ್ತಾರೆ, ಆಚೆ ದಡ ಕಾಣುವುದಿಲ್ಲ. ಹಸಿರು ನೀರು, ಕುಡಿದರೆ ಸೋಡಾ ಸೋಡಾ. ಮೊಸಳೆಗಳು ನಮ್ಮ ಕಾವೇರಿಯವಕ್ಕಿಂತ ಸೊಕ್ಕಿನವು. ಅಲ್ಲಿನ ಬೆಸ್ತರಿಗೆ ಹರಿಗೋಲಿಲ್ಲ, ತಾಳೆಯಂಥ ಮರದ ದಿಮ್ಮಿಗಳನ್ನು ಕಟ್ಟಿ ಅದರ ಮೇಲೇ ನಿಂತು ಮೀನು ಹೊಡೆಯುತ್ತಾರೆ. ಒಬ್ಬ ಮುದುಕಿ ನೀಲಾಳ ಹೊಟ್ಟೆ ನೋಡಿದವಳೇ ತನ್ನ ಕೊರಳಿನಿಂದ ಒಂದೆಳೆ ಮಣಿ ತೆಗೆದು ಅವಳಿಗೆ ಹಾಕಿದಳು. ನನಗೆ ಅರ್ಧ ಜೀವ ಬಂತು. ಈ ದಂಡೆಯ ಮೇಲೆ ಭಯ ಇರುವವಳು ಇನ್ನೊಬ್ಬಳಿದ್ದಾಳೆ!

ದಂಡೆ ತುಂಬ ಬಿಳಿಯರ ಡೇರೆಗಳು, ಫಿರಂಗಿಯಂಥ ದುರ್ಬೀನುಗಳು. ನೀಲಾಳದು ಮುಕ್ಕಾಲಿಯ ಮೇಲೆ ನಿಂತ ಒಂದು ಸಣ್ಣ ಪೆಟ್ಟಿಗೆ. ಮುಂದೆ ಗಾಜು, ಗಾಜಿನ ಹಿಂದೆ ತಿರುಗುವ ಒಂದು ಕಂದು ಹಾಳೆ, ಹಿಂಭಾಗದಲ್ಲಿ ಬೆಳಕಿಗೆ ಆಡುವ ಮುಳ್ಳು. ಸಂಜೆ ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟಳು.

"ಹಗ್ಗ ಇಡ್ಕಂಡು ಅಲ್ಲಾಡ್ಸಿದ್ರೆ ಮ್ಯಾಕೂ ಕೆಳಕೂ ಕುಣೀತದೆ, ಪಕ್ಕಕ್ಕೂ ಕುಣೀತದೆ, ಅಲ್ವಾ ಅಜ್ಜ? ಬೆಳಕೂ ಅಂಗೇ, ಎಲ್ಲಾ ದಿಕ್ಕಿಗೂ ಕುಣೀತದೆ. ಆದ್ರೆ ಯಾವುದಕ್ಕಾರ ಬಡ್ದು ಚೆದ್ರಿ ಬಂದ್ರೆ, ಒಂದೇ ದಿಕ್ಕಿಗೆ ಕುಣಿಯಾದು ಜಾಸ್ತಿ ಆಯ್ತದೆ. ನಮ್ಮ ಕುರಿರೊಪ್ಪದ ಬಿದಿರು ತಡಿಕೆ ಇಲ್ವಾ? ಹಗ್ಗವ ಅದ್ರ ಸಂದೀಲಿ ತೂರ್ಸಿದ್ರೆ ನೆಟ್ಟಗೆ ಕುಣಿದ್ರೆ ಮಾತ್ರ ದಾಟ್ತದೆ. ಈ ಹಾಳೆ ಬೆಳಕಿಗೆ ತಡಿಕೆ. ತಿರುಗ್ಸಿ ತಿರುಗ್ಸಿ ಬೆಳಕು ಎಷ್ಟು ಮಂಕಾಯ್ತದೆ ನೋಡಿದ್ರೆ, ಎಷ್ಟು ಪಾಲು ಒಂದೇ ದಿಕ್ಕಿಗೆ ಕುಣೀತಿತ್ತು ಅಂತ ಲೆಕ್ಕ ಸಿಕ್ತದೆ. ಸೂರ್ಯನ ಜಟೇಲಿ ನಿಜವಾಗ್ಲೂ ಸೂರ್ಯನ ಮೈ ಸುತ್ತ ಇರೋ ಕಾದ ಹೊಗೇಗೆ ಬಡ್ದು ಬಂದುದ್ದು ಎಷ್ಟು, ದಾರೀಲಿರೋ ಧೂಳಿಂದು ಎಷ್ಟು ಅಂತ ಅದ್ರಿಂದ ಗೊತ್ತಾಯ್ತದೆ. ಆ ಹೊಗೆ ಬೆಳಕು ಸಾಲಿಗೆ ನಿಲ್ತದೆ, ಧೂಳಿನ ಬೆಳಕು ನಿಲ್ಲಾಕಿಲ್ಲ."

ಒಂದು ಚೂರು ಹಾಳೆ ನನ್ನ ಕಣ್ಣಿಗೆ ಕೊಟ್ಟು ನೆತ್ತಿಯ ಮೇಲಿನ ಆಕಾಶ ನೋಡು ಎಂದಳು. ಸೂರ್ಯ ಮುಳುಗುತ್ತಿದ್ದ. ಹಾಳೆ ತಿರುಗಿಸಿದೆ. ಆಕಾಶ ಕಪ್ಪಾಯಿತು! ಮತ್ತೆ ತಿರುಗಿಸಿದೆ, ಬೆಳ್ಳಗಾಯಿತು! ಜೀವಮಾನವೆಲ್ಲ ಅದರ ಕೆಳಗೇ ಉತ್ತಿದ್ದೇನೆ, ಬಿತ್ತಿದ್ದೇನೆ, ಮಳೆಗಾಗಿ ಮೇಲೆ ನೋಡಿದ್ದೇನೆ. ಆಕಾಶಕ್ಕೂ ನೇಗಿಲಸಾಲು ಇದೆಯೆಂದು ಯಾರೂ ಹೇಳಿರಲಿಲ್ಲ. ಕತ್ತಲಾಗುವವರೆಗೆ ಹಾಳೆ ವಾಪಸು ಕೊಡಲಿಲ್ಲ.

ಆದರೂ ಭಯ ಹೋಗಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಗ್ರಹಣದ ಹೊತ್ತಿನಲ್ಲಿ ನಾನು ಸೂರ್ಯನಿಗೆ ಬೆನ್ನು ಮಾಡಿ, ಪೆಟ್ಟಿಗೆಯ ಕೆಳಗೆ ಕಂಬಳಿ ಹಿಡಿದು ನಿಲ್ಲಬೇಕು. ಮುಕ್ಕಾಲಿಗೆ ಗಾಳಿ ತಾಗುವುದಿಲ್ಲ, ನೀಲಾಳ ಹೊಟ್ಟೆಗೆ ಗ್ರಹಣ ತಾಗುವುದಿಲ್ಲ. "ನಿಂಗೆ ನೋಡಕಾಗಲ್ವಲ್ಲ ಅಜ್ಜ?" ಅಂದಳು. "ಯಾವನಿಗೆ ಬೇಕು ಅದು" ಅಂದೆ.

ಗ್ರಹಣದ ದಿನ

ಬೆಳಗಿನ ಜಾವವೇ ಎದ್ದೆ. ಗ್ರಹಣದ ದಿನ ಮನೆಯ ಪಾತ್ರೆ ಪರಟಿ, ಒಲೆ, ಒನಕೆ, ಎಲ್ಲದಕ್ಕೂ ವಿಭೂತಿ ಕದಡಿದ ನೀರು ಚಿಮುಕಿಸುವುದು ನಮ್ಮ ಪದ್ಧತಿ. ಇಲ್ಲಿ ಮನೆಯೆಂದರೆ ಡೇರೆ. ಕೆರೆಯಿಂದ ಚೊಂಬಿನಲ್ಲಿ ನೀರು ತಂದು, ವಿಭೂತಿ ಕದಡಿ, ಹುಲ್ಲಿನ ಎಸಳಲ್ಲಿ ಡೇರೆಗೆ, ಗಾಡಿಗೆ, ಮಲಗಿದ್ದ ಮ್ವಾಂಗಿಗೆ, ಎಲ್ಲಕ್ಕೂ ಚಿಮುಕಿಸಿದೆ. ಪೆಟ್ಟಿಗೆಗೆ ಎರಡು ಸಲ ಹೆಚ್ಚಿಗೇ ಹಾಕಿದೆ.

ಮಧ್ಯಾಹ್ನ ನೀಲಾ ಪೆಟ್ಟಿಗೆಯನ್ನು ಆಕಾಶಕ್ಕೆ ತಿರುಗಿಸಿ ಪರೀಕ್ಷೆ ನೋಡಿದಳು. ಹಾಳೆ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಅವಳ ಮುಖದ ಬಣ್ಣ ಹೋಯಿತು.

"ಮುಳ್ಳು ಇಳೀತಾನೇ ಇಲ್ಲ" ಅಂದಳು ಪ್ರಸಾದನಿಗೆ. "ನೆನ್ನೆ ಅಷ್ಟು ಇಳೀತಿತ್ತು. ಹಾಳೆ ಬಿಸಿಲಿಗೆ ಕೆಟ್ಟೋಯ್ತು."

"ಬೇರೆ ಹಾಳೆ?"

"ಅಜ್ಜಂಗೆ ತೋರ್ಸಿದ್ದು ಬೆರಳಗಲದ ಚೂರು. ಇಷ್ಟು ಗಾಜಿಗೆ ಸಾಲಾಕಿಲ್ಲ."

ಬಿಳಿಯರ ಡೇರೆಯಿಂದ ಕೂಗು ಎದ್ದಿತು. ಸೂರ್ಯನ ಅಂಚನ್ನು ಚಂದ್ರ ಕಚ್ಚಿದ್ದ. ಪ್ರಸಾದ ತಿರುಪು ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ನೀಲಾ ಕಲ್ಲಿನ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು. ನನಗೆ ಅವಳ ಅಳು ನೋಡಲಾಗಲಿಲ್ಲ. ಹತ್ತಿರ ಹೋಗಿ ತಲೆ ಸವರಿ ಧೈರ್ಯ ಹೇಳಿದೆ: "ಎದುರ್ಬ್ಯಾಡ ಕಣವ್ವಾ. ಅದಕ್ಕೇನೂ ಆಗಿರಾಕಿಲ್ಲ. ಬೆಳಗ್ಗೇನೇ ನಾ ಈಬೂತಿ ನೀರು ಚಿಮುಕ್ಸಿವ್ನಿ."

ಇಬ್ಬರೂ ನನ್ನ ಕಡೆ ತಿರುಗಿದರು.

"ಯಾವುದಕ್ಕೆ ಅಜ್ಜ?"

"ಪೆಟ್ಟಿಗೇಗೆ. ಅದ್ರ ಕಣ್ಣಿಗೇ ಹಾಕಿವ್ನಿ, ಚೆನ್ನಾಗಿ."

ನೀಲಾ ಎದ್ದು ಗಾಜನ್ನು ಓರೆಯಾಗಿ ನೋಡಿದಳು. ನೇರಕ್ಕೆ ಕಾಣದ್ದು ಓರೆಗೆ ಕಂಡಿತು: ಗಾಜಿನ ತುಂಬ ತೆಳ್ಳನೆ ಬಿಳೀ ಪೊರೆ. ನಮ್ಮೂರ ನೀರಾಗಿದ್ದರೆ ಒಣಗಿ ಹೋಗುತ್ತಿತ್ತು. ಇದು ಸೋಡಾ ಕೆರೆ, ಉಪ್ಪಾಗಿ ಹೆಪ್ಪುಗಟ್ಟಿತ್ತು, ಜೊತೆಗೆ ನನ್ನ ವಿಭೂತಿ. ಸೂರ್ಯನ ಬೆಳಕಿನಲ್ಲಿ ಧೂಳಿನ ಪಾಲು ಎಷ್ಟೆಂದು ಅಳೆಯಲು ಅವಳು ಇಷ್ಟು ದೂರ ಬಂದರೆ, ನಾನು ಕೈಯಾರೆ ಧೂಳು ಹಾಕಿಕೊಟ್ಟಿದ್ದೆ.

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಪ್ರಸಾದ ಅಂಗಿಯ ಚುಂಗಿನಿಂದ ಒರೆಸಲು ಹೋದ. "ಬ್ಯಾಡ! ಗೀರ್ ಬೀಳ್ತದೆ!" ಎಂದು ನೀಲಾ ಕಿರುಚಿದಳು. "ಶುದ್ಧ ನೀರು ಬೇಕು, ಮೆತ್ತನೆ ಬಟ್ಟೆ ಬೇಕು." ಕುಡಿಯುವ ನೀರೂ ಸೋಡಾ. ಪ್ರಸಾದ ಹಿಂದಿಯಲ್ಲಿ ಕೂಗಿದ್ದು ಕೇಳಿ ಮ್ವಾಂಗಿ ಗಾಡಿಯ ಕಡೆ ಓಡಿ ಬ್ಯಾಟರಿಗೆ ಹಾಕುವ ನೀರಿನ ಡಬ್ಬಿ ತಂದ. ಬಟ್ಟೆ? ಎಲ್ಲ ಬಟ್ಟೆಯಲ್ಲೂ ಮರಳು. ಮುಚ್ಚಿದ್ದದ್ದು ಒಂದೇ, ನನ್ನ ಟ್ರಂಕು.

ಅವ್ವನ ಸೀರೆ ತೆಗೆದೆ. ಸೆರಗಿನ ತುದಿ ನೀಲಾಳ ಕೈಗೆ ಕೊಟ್ಟೆ. ಅದು ಏನೆಂದು ಅವಳಿಗೆ ಗೊತ್ತು. ಅವಳೂ ಮೊದಲು ಮಲಗಿದ್ದು ಅದರಲ್ಲೇ.

ಬಿಸಿಲು ಹಳದಿಗೆ ತಿರುಗುತ್ತಿತ್ತು. ಅವಳು ಕೂಸಿನ ಕಣ್ಣು ಒರೆಸುವ ಹಾಗೆ ಒರೆಸಿದಳು. ಒಮ್ಮೆ, ಮತ್ತೊಮ್ಮೆ. ಪೆಟ್ಟಿಗೆ ಆಕಾಶಕ್ಕೆ ತಿರುಗಿಸಿ ಹಾಳೆ ತಿರುಗಿಸಿದಳು. ಮುಳ್ಳು ಇಳಿಯಿತು.

"ಕಂಬ್ಳಿ, ಅಜ್ಜ!"

ಸೂರ್ಯನಿಗೆ ಬೆನ್ನು ಮಾಡಿ, ಕೈ ಅಗಲಿಸಿ ಕಂಬಳಿ ಹಿಡಿದು ನಿಂತೆ. ಬೆನ್ನು ತಣ್ಣಗಾಯಿತು. ಹಕ್ಕಿಗಳು ಗೂಡಿಗೆ ಹೊರಟವು. ಕತ್ತಲೆ ಕೆರೆಯ ಮೇಲಿಂದ ಬಂದು ನನ್ನನ್ನು ದಾಟಿ ಎದುರಿನ ಗುಡ್ಡ ಹತ್ತಿತು. ಆಕಾಶದ ಅಂಚಿನಲ್ಲಿ ಮಾತ್ರ ಕಿತ್ತಳೆ ಬಣ್ಣ. ದಂಡೆಯೆಲ್ಲ ಹೋ ಎಂದಿತು. ನಾನು ನೀಲಾಳ ಮುಖ ನೋಡುತ್ತಿದ್ದೆ.

"ಒಂದು!" ಅಂದಳು. ಮುಳ್ಳು ನಿಂತ ಜಾಗ ಹೇಳಿದಳು, ಪ್ರಸಾದ ಬರೆದುಕೊಂಡ. ಹಾಳೆ ತಿರುಗಿಸಿದಳು. "ಎರಡು!" ಮೂರು ತಿರುವಿನಲ್ಲಿ ಒಂದು ತಪ್ಪಿದರೂ ಲೆಕ್ಕವಿಲ್ಲ ಎಂದು ಮೊದಲೇ ಹೇಳಿದ್ದಳು. ಮೂರನೆಯದಕ್ಕೆ ಕೈಯಿಟ್ಟಾಗ ಕೆರೆಯ ಗಾಳಿ ಹಿಂದಿನಿಂದ ಗುದ್ದಿತು. ಕಂಬಳಿ ಪಟದ ಹಾಗೆ ಉಬ್ಬಿತು. ಮುಕ್ಕಾಲಿಯ ಒಂದು ಕಾಲು ಎದ್ದಿತು.

"ಅಜ್ಜಾ, ಕಾಲು!"

ಎರಡನ್ನೂ ಹಿಡಿಯಲು ನನಗೆ ಇದ್ದದ್ದು ಎರಡೇ ಕೈ. ಕಂಬಳಿ ಬಿಟ್ಟೆ. ಮಂಡಿಯೂರಿ ಮುಕ್ಕಾಲಿಯನ್ನು ತಬ್ಬಿ ನೆಲಕ್ಕೆ ಒತ್ತಿ ಹಿಡಿದೆ. ಕಂಬಳಿ ಕತ್ತಲಲ್ಲಿ ಹಾರಿಹೋಯಿತು. ನೀಲಾಳ ಹೊಟ್ಟೆ ನನ್ನ ಮುಖದ ಮುಂದೆ, ಪೂರಾ ಗ್ರಹಣದ ಎದುರು, ಬಯಲಲ್ಲಿ. ಮುಚ್ಚಲು ಏನೂ ಇಲ್ಲದೆ ನನ್ನ ತಲೆಯನ್ನೇ ಒತ್ತಿ ಇಟ್ಟೆ. ಒಳಗಿನಿಂದ ಕೂಸು ನನ್ನ ಹಣೆಗೆ ಒದೆಯಿತು.

"ಮೂರು!"

ಬೆಳಕು ಬಂತು. ಎಲ್ಲರೂ ಕುಣಿಯುತ್ತಿದ್ದರು, ಮ್ವಾಂಗಿ ಬಿಳಿಯರನ್ನೆಲ್ಲ ತಬ್ಬುತ್ತಿದ್ದ. "ಸಿಕ್ತಾ ಮಗಾ?" ಅಂದೆ. "ಸಿಕ್ತು ಅಜ್ಜ" ಎಂದು ನೀಲಾ ನಕ್ಕಳು, ಅತ್ತಳು. ನಾನು ಮುಕ್ಕಾಲಿ ಬಿಟ್ಟು ಏಳಲಿಲ್ಲ.

ಕೊಳ್ಳೇಗಾಲ

ಹನೂರಿನಲ್ಲಿ ಇಳಿದಾಗ ಬಸಪ್ಪ ಮೊದಲು ಕೇಳಿದ್ದೇ, "ಕಂಬ್ಳಿ ಎಲ್ಲಣ್ಣಾ?" ಎಂದು. ಅವನಿಗೆ ಎಲ್ಲ ಹೇಳಿದೆ. ಅವತ್ತಿಂದ ಹೆರಿಗೆಯವರೆಗೆ ನಾವಿಬ್ಬರೂ ಉಂಡದ್ದು ಮೈಗೆ ಹತ್ತಲಿಲ್ಲ. ನೀಲಾ ಜಗಲಿಯಲ್ಲಿ ಕೂತು ಲೆಕ್ಕ ಮಾಡುತ್ತ, "ರೂಪಾಯಲ್ಲಿ ಆರಾಣೆ ಬೆಳಕು ಸಾಲಿಗೆ ನಿಂತದೆ ಅಜ್ಜ, ಸರ್ಯಾಗಿ ಬಂದದೆ" ಎಂದು ಹಿಗ್ಗುತ್ತಿದ್ದಳು. ನಾನು ಹ್ಞೂಂ ಅನ್ನುತ್ತಿದ್ದೆ. ನನ್ನ ಲೆಕ್ಕ ಇನ್ನೂ ಹೊಟ್ಟೆಯೊಳಗಿತ್ತು.

ನೋವು ಬಂದಾಗ ಕೊಳ್ಳೇಗಾಲದ ಆಸ್ಪತ್ರೆಗೆ ಗಾಡಿ ಕಟ್ಟಿಸಿದೆವು. ನರ್ಸಮ್ಮ ಅವ್ವನ ಸೀರೆಯಲ್ಲಿ ಸುತ್ತಿದ ಕೂಸನ್ನು ಹೊರಗೆ ತಂದು, "ಎಣ್ಣು ಕೂಸು, ಯಾರ್ ಇಡ್ಕತೀರಿ?" ಅಂದಳು. ನನ್ನ ಕೈ ಏಳಲಿಲ್ಲ. ಬಸಪ್ಪ ಮುಂದೆ ಹೋಗಿ ಎತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದು, ಮುಖದ ಮೇಲಿದ್ದ ಸೆರಗು ಸರಿಸಿದ. ಸೆರಗಿನ ತುದಿಯಲ್ಲಿ ಆ ಕೆರೆಯ ಬಿಳೀ ಕಲೆ ಇನ್ನೂ ಇತ್ತು.

ಬಹಳ ಹೊತ್ತು ನೋಡಿದ. ಕೂಸು ಆಕಳಿಸಿತು. ಎರಡು ಎಸಳು, ತುಂಬಿದ ತುಟಿ, ಒಂದು ಗೆರೆಯಷ್ಟೂ ಸೀಳಿಲ್ಲ.

"ಅಣ್ಣಾ" ಅಂದ. "ಕಂಬ್ಳಿ ಆರೋದಾಗ ಗ್ರಹಣ ಪೂರಾ ಇಡ್ದಿತ್ತಾ?"

"ಪೂರಾ."

"ವೊಟ್ಟೆ ಮ್ಯಾಲೆ ಏನೂ ಇರ್ನಿಲ್ವಾ?"

"ನನ್ನ ಬೋಳುತಲೆ ಇತ್ತು ಕಣ್ಲಾ. ಅಷ್ಟೇಯಾ."

ಬಸಪ್ಪ ಒಂದು ಬೆರಳಿನಿಂದ ಕೂಸಿನ ತುಟಿ ಮುಟ್ಟಿದ. ಅದೇ ಬೆರಳಿನಿಂದ ತನ್ನ ತುಟಿ ಮುಟ್ಟಿಕೊಂಡ. "ಅಂಗಾರೆ ಅವ್ವ ತಪ್ಪು ಮಾಡಿರ್ನಿಲ್ಲ" ಅಂದ.

ನಾನು ಗೋಡೆ ಹಿಡಿದು ಅತ್ತೆ. ಅವನು ಅಳಲಿಲ್ಲ, ನಗುತ್ತಿದ್ದ. ಆ ಸೀಳು ತುಟಿಯಲ್ಲಿ ಅಷ್ಟು ಅಗಲದ ನಗು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. "ಊರ್ಗೆಲ್ಲ ಕೂಗಿ ಯೋಳು ಓಗಣ್ಣಾ. ಅವ್ವಂದೇನೂ ತಪ್ಪಿರ್ನಿಲ್ಲ ಅಂತ ಯೋಳು" ಅಂದ.

ಕೂಗಿದರೆ ಬಾವಿಕಟ್ಟೆಯವರೆಗೆ ಕೇಳುತ್ತದೆ. ಅವ್ವನನ್ನು ಅಂದವರ ಮಕ್ಕಳು ಮೊಮ್ಮಕ್ಕಳು ಈಗ ಎಲ್ಲೆಲ್ಲೋ ಇದ್ದಾರೆ, ಯಳಂದೂರಿನಲ್ಲಿ, ಮೈಸೂರಿನಲ್ಲಿ. ಅವರೂ ಓದಲಿ ಎಂದು ಬರೆದೆ.